ಹಾನಗಲ್ಲ ಸೀಮೆಯ ಗವಾಯಿಗಳು

ಬಸವರಾಜ ರಾಜಗುರು ಅವರ ಗಾಯನವನ್ನು ನೀವು ಬಾನುಲಿಯಲ್ಲಿ ಕೇಳಿಯೇ ಇರುತ್ತೀರಿ. ಅದರ ಬೇರು ಹುಡುಕುತ್ತ ಹೊರಟರೆ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯನ್ನು ಮುಟ್ಟುತ್ತೀರಿ. ಅಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯ ಹುಟ್ಟು ಕುರುಡ, ಅಣ್ಣನೂ ಹಾಗೆಯೇ. ಬಡವರ ಮನೆಯ ಕುರುಡು ಮಗುವಿಗೆ ಆಗ ಭಿಕ್ಷೆಯಲ್ಲದೆ ಬೇರೆ ಏನಿತ್ತು? ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು ಹುಡುಗರ ಕಂಠವನ್ನು ಗುರುತಿಸಿ, ಸಂಗೀತ ಕಲಿಸಲು ಏರ್ಪಾಡು ಮಾಡಿದರು.

ಗದಿಗೆಯ್ಯನೇ ಮುಂದೆ ಪಂಚಾಕ್ಷರಿ ಗವಾಯಿಗಳು. ಮೈಸೂರಿನಲ್ಲಿ ಕರ್ನಾಟಕ ಸಂಗೀತ, ನೀಲಕಂಠಬುವಾ ಮಿರಜಕರರಲ್ಲಿ ಹಿಂದುಸ್ತಾನಿ ಕಲಿತು, ಎರಡನ್ನೂ ಹಾಡುತ್ತಿದ್ದರು. ಅಂಥವರು ಈಗಲೂ ವಿರಳ. ಅಂಧ ಮಕ್ಕಳನ್ನು ಕೂಡಿಸಿಕೊಂಡು, ಊರೂರು ಸುತ್ತುತ್ತ, ಅನ್ನವಿಕ್ಕಿ ಪಾಠ ಹೇಳಿದ್ದು ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು. ಈ ಪಾಠಶಾಲೆಯೇ ಗದಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತಿತು.

1944ರಲ್ಲಿ ಗವಾಯಿಗಳು ತೀರಿಕೊಂಡಾಗ ಭಾರವೆಲ್ಲ ಶಿಷ್ಯ ಪುಟ್ಟರಾಜರ ಹೆಗಲಿಗೆ ಬಂತು. ಇವರೂ ಹಾನಗಲ್ಲ ತಾಲೂಕಿನವರೇ, ಹುಟ್ಟಿದ್ದು 1914ರಲ್ಲಿ. ಎಳೆತನದಲ್ಲೇ ಕಣ್ಣು ಕಳೆದುಕೊಂಡವರು. ಹಾರ್ಮೋನಿಯಂ, ಸಾರಂಗಿ, ಪಿಟೀಲು, ತಬಲಾ ಎಲ್ಲವೂ ಅವರ ಕೈಗೆ ಒಲಿದಿದ್ದವು. ನಾಟಕಗಳನ್ನು ಬರೆದರು, ನಾಟಕ ಮಂಡಳಿಯ ಗಳಿಕೆಯಿಂದ ಆಶ್ರಮದ ಒಲೆ ಉರಿಯಿತು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಅವರು ಅಗಲಿದರು. ಅಲ್ಲಿ ಕಲಿತ ಎಷ್ಟೋ ಅಂಧರು ಶಾಲೆಗಳಲ್ಲಿ ಸಂಗೀತ ಶಿಕ್ಷಕರಾದರು, ಕೀರ್ತನೆಗೆ ಹಾರ್ಮೋನಿಯಂ ಹಿಡಿದು ಕೂತರು.