ಶಿವಮೊಗ್ಗ, ಭದ್ರಾವತಿಗೆ ಲಿನಕ್ಸ್ ಪ್ಯಾಕೇಜುಗಳು ಬಂದ ದಾರಿ

ಲಿನಕ್ಸ್ ಬಳಸುವವರಿಗೆ ತಂತ್ರಾಂಶ ಪ್ಯಾಕೇಜುಗಳ ರೂಪದಲ್ಲಿ ಸಿಗುವುದು ರೆಪಾಸಿಟರಿ ಎಂಬ ಸಾರ್ವಜನಿಕ ಭಂಡಾರದಿಂದ. ಈ ಭಂಡಾರದ ತದ್ರೂಪು ಪ್ರತಿಗಳನ್ನು ಜಗತ್ತಿನ ನಾನಾ ಕಡೆಯ ವಿಶ್ವವಿದ್ಯಾಲಯಗಳೂ ಇಂಟರ್‌ನೆಟ್ ಕಂಪನಿಗಳೂ ತಮ್ಮದೇ ಖರ್ಚಿನಲ್ಲಿ ಇಟ್ಟು ಸಾಕುತ್ತವೆ. ಇವನ್ನು ಮಿರರ್ ಎನ್ನುತ್ತಾರೆ. ಅಧಿಕೃತ ಪಟ್ಟಿಗಳಲ್ಲಿ ಕಾಣುವ ಭಾರತದ ಮಿರರ್‌ಗಳು ಬಹುಪಾಲು ಐಐಟಿಗಳಲ್ಲಿ, ಇಲ್ಲವೇ ಮಹಾನಗರಗಳ ಡೇಟಾ ಸೆಂಟರ್‌ಗಳಲ್ಲಿ ಇವೆ. ತುಂಗೆಯ ದಡದ ಶಿವಮೊಗ್ಗಕ್ಕೂ ಭದ್ರೆಯ ದಡದ ಭದ್ರಾವತಿಗೂ ಪ್ಯಾಕೇಜುಗಳು ಯಾವಾಗಲೂ ದೂರದಿಂದಲೇ ಬರಬೇಕಾಯಿತು. ‘ಸರ್ವರ್ ನಿಧಾನ’ ಎಂಬ ದೂರು ಮೂರು ದಶಕಗಳಿಂದ ಕೇಳುತ್ತಲೇ ಇದೆ. ಆದರೆ ಆ ನಿಧಾನ ನಿಜಕ್ಕೂ ಇದ್ದ ಜಾಗ ಕಾಲಕಾಲಕ್ಕೆ ಬದಲಾಗಿದೆ.

ಲಿನಕ್ಸ್ ಹಂಚಿಕೆಯಲ್ಲಿ ಮಿರರ್ ಎಂಬ ಏರ್ಪಾಡು ಮೊದಲಿನಿಂದಲೂ ಇದೆ. 1991ರ ಸೆಪ್ಟೆಂಬರಿನಲ್ಲಿ ಲಿನಕ್ಸ್ ಬರೆದ ಲಿನಸ್ ಟೋರ್ವಾಲ್ಡ್ಸ್ ತನ್ನ ಕರ್ನಲ್‌ನ, ಅಂದರೆ ವ್ಯವಸ್ಥೆಯ ತಿರುಳಿನ, ಮೊದಲ ಆವೃತ್ತಿಯನ್ನು ಫಿನ್‌ಲ್ಯಾಂಡಿನ ಫ್ಯೂನೆಟ್ ಜಾಲದ, ಫೈಲ್ ಹಂಚುವ ಎಫ್‌ಟಿಪಿ ಸರ್ವರಿನಲ್ಲಿ ಇರಿಸಿದ. ಆ ಫೋಲ್ಡರಿಗೆ ‘ಲಿನಕ್ಸ್’ ಎಂದು ಹೆಸರಿಟ್ಟವನು ಸರ್ವರ್ ನೋಡಿಕೊಳ್ಳುತ್ತಿದ್ದ ಆರಿ ಲೆಮ್ಕೆ. ಅಟ್ಲಾಂಟಿಕ್ ದಾಟಿ ಫಿನ್‌ಲ್ಯಾಂಡಿನಿಂದ ಫೈಲ್ ಎಳೆಯುವುದು ಅಮೆರಿಕದವರಿಗೇ ಕಷ್ಟವಾಗಿತ್ತು. ಹಾಗಾಗಿ ಲಿನಕ್ಸ್ ಡೆವಲಪರ್ ಥಿಯೊಡೋರ್ ಟ್ಸೋ ಎಂಐಟಿಯ ಒಂದು ಯಂತ್ರದಲ್ಲಿ ಅದರ ಪ್ರತಿ ಇಟ್ಟ. ನಿಧಾನದ ಸರ್ವರಿಗೆ ಮೊದಲ ಮದ್ದು ಇದೇ: ಸರಕನ್ನು ಹತ್ತಿರಕ್ಕೆ ತಂದಿಡುವುದು. ಆಮೇಲೆ ಬಂದ ಉಪಾಯಗಳಲ್ಲಿ ಹೆಚ್ಚಿನವು ಇದರದೇ ರೂಪಾಂತರಗಳು.

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮೊದಲು ಮಹಾನಗರಗಳಲ್ಲಿ ಮಾತ್ರ ಸೇವೆ ಕೊಟ್ಟಿತು. ಸ್ಥಳೀಯ ನೋಡ್ ಇಲ್ಲದ ಊರಿನವರು ಎಸ್‌ಟಿಡಿ ಕರೆ ಮಾಡಿಯೇ ಜಾಲಕ್ಕೆ ಸೇರಬೇಕಿತ್ತು. ಜಿಲ್ಲಾ ಕೇಂದ್ರಗಳಿಗೆ ಡಯಲ್-ಅಪ್ ಹಬ್ಬಿದ್ದು ದೂರಸಂಪರ್ಕ ಇಲಾಖೆಯ, ಆಮೇಲೆ ಬಿಎಸ್‌ಎನ್‌ಎಲ್‌ನ, ಸಂಚಾರ್‌ನೆಟ್ ಮೂಲಕ. ಗಂಟೆಗಳ ಲೆಕ್ಕದಲ್ಲಿ ಖಾತೆ ಕೊಂಡು, ಫೋನಿನ ತಂತಿಯನ್ನು ಮೋಡೆಮ್ಮಿಗೆ ಸಿಕ್ಕಿಸಿ ಕೂರುವ ಕಾಲ ಅದು. ಆಗಿನ ಉತ್ತಮ ಮೋಡೆಮ್ಮಿನ ಕಾಗದದ ಮೇಲಿನ ವೇಗ 56 ಕೆಬಿಪಿಎಸ್. 700 ಎಂಬಿಯ ಒಂದು ಸಿಡಿ ಇಳಿಯಲು ಆ ಪೂರ್ಣ ವೇಗದಲ್ಲೇ 29 ಗಂಟೆ ಬೇಕು. ನಡುವೆ ಮನೆಗೆ ಒಂದು ಕರೆ ಬಂದರೆ ಎಲ್ಲವೂ ಕಡಿದುಹೋಗುತ್ತಿತ್ತು. ಹೀಗಿರುವಾಗ ಯಾವ ಮಿರರ್ ವೇಗದ್ದು ಎಂದು ಹುಡುಕುವುದರಲ್ಲಿ ಅರ್ಥವಿರಲಿಲ್ಲ. ಜಗತ್ತಿನ ಅತಿ ಸೋಮಾರಿ ಮಿರರ್ ಕೂಡ ಶಿವಮೊಗ್ಗದ ಫೋನ್ ತಂತಿಗಿಂತ ಚುರುಕಾಗಿತ್ತು.

ಹೀಗಾಗಿ ಲಿನಕ್ಸ್ ಇಲ್ಲಿಗೆ ಬಂದದ್ದು ಜಾಲದಿಂದಲ್ಲ, ಪತ್ರಿಕೆಯೊಳಗಿನ ಸಿಡಿಯಿಂದ. ‘ಪಿಸಿ ಕ್ವೆಸ್ಟ್’ ಪತ್ರಿಕೆ 1996ರಲ್ಲೇ ಸ್ಲ್ಯಾಕ್‌ವೇರ್ ಎಂಬ ಲಿನಕ್ಸ್ ವಿತರಣೆಯ ಸಿಡಿ ಹಂಚಿತ್ತು. ಮುಂದೆ ರೆಡ್ ಹ್ಯಾಟ್ ಆಧಾರಿತ ತನ್ನದೇ ‘ಪಿಸಿಕ್ಯೂ ಲಿನಕ್ಸ್’ ಹೊರತಂದಿತು. 2003ರ ಫೆಬ್ರುವರಿಯಲ್ಲಿ ಆರಂಭವಾದ ‘ಲಿನಕ್ಸ್ ಫಾರ್ ಯು’ ಕೂಡ ಸಂಚಿಕೆಗಳ ಜೊತೆ ಡಿಸ್ಕ್ ಕೊಡುತ್ತಿತ್ತು. ಎಂಜಿನಿಯರಿಂಗ್ ಕಾಲೇಜು ಇದ್ದ ಊರಿನಲ್ಲಿ ಇಂಥ ಡಿಸ್ಕಿಗೆ ಬೇಡಿಕೆ ಸಹಜ. ಶಿವಮೊಗ್ಗದ ಸವಳಂಗ ರಸ್ತೆಯ ಜೆಎನ್‌ಎನ್‌ಸಿಇ ಎಂಜಿನಿಯರಿಂಗ್ ಕಾಲೇಜು 1980ರಿಂದ ಇದೆ; 1998ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಂಪ್ಯೂಟರ್ ಪಠ್ಯಕ್ರಮದಲ್ಲಿ ಯೂನಿಕ್ಸ್ ಮತ್ತು ಶೆಲ್ ಪ್ರೋಗ್ರಾಮಿಂಗ್ ಒಂದು ವಿಷಯವಾಗಿತ್ತು. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ 1987ರಿಂದ ಇದೆ. ಯೂನಿಕ್ಸ್ ಕಲಿಯಬೇಕಾದ ವಿದ್ಯಾರ್ಥಿಗೆ ಮನೆಯಲ್ಲಿ ಅಭ್ಯಾಸ ಮಾಡಲು ಲಿನಕ್ಸ್‌ಗಿಂತ ಅಗ್ಗದ ದಾರಿ ಇರಲಿಲ್ಲ.

2004ರ ಅಕ್ಟೋಬರಿನಲ್ಲಿ ಬಂದ ಉಬುಂಟು ಎಂಬ ಲಿನಕ್ಸ್ ವಿತರಣೆ ತನ್ನ ಸಿಡಿಯನ್ನು ಅಂಚೆಯಲ್ಲೇ ಮನೆಗೆ ಕಳಿಸಿತು. ಶಿಪ್‌ಇಟ್ ಎಂಬ ಈ ಯೋಜನೆಯಲ್ಲಿ ಜಾಲತಾಣದಲ್ಲಿ ವಿಳಾಸ ತುಂಬಿದರೆ ಸಾಕು, ಅಂಚೆ ವೆಚ್ಚವನ್ನೂ ಉಬುಂಟುವಿನ ಹಿಂದಿರುವ ಕೆನಾನಿಕಲ್ ಕಂಪನಿಯೇ ಭರಿಸುತ್ತಿತ್ತು. 2011ರ ಏಪ್ರಿಲ್‌ವರೆಗೆ ಇದು ನಡೆಯಿತು. ಪಟ್ಟಣಗಳಲ್ಲಿ ಲಿನಕ್ಸ್ ಹಬ್ಬಲು ಯಾವ ಪ್ರಚಾರಕ್ಕಿಂತಲೂ ಆ ರಟ್ಟಿನ ಲಕೋಟೆಗಳು ಹೆಚ್ಚು ದುಡಿದವು ಎನ್ನಬಹುದು. ಆದರೆ ಲಕೋಟೆ ತಲುಪಲು ವಾರಗಟ್ಟಲೆ ಹಿಡಿಯುತ್ತಿತ್ತು, ಉಬುಂಟು ಮಾತ್ರ ಆರು ತಿಂಗಳಿಗೊಂದು ಹೊಸ ಆವೃತ್ತಿ ತರುತ್ತಿತ್ತು. ಸಿಡಿ ಕೈಸೇರುವ ಹೊತ್ತಿಗೆ ನೂರಾರು ಎಂಬಿಯ ಪರಿಷ್ಕರಣೆಗಳು ಸರ್ವರಿನಲ್ಲಿ ಕಾದಿರುತ್ತಿದ್ದವು.

ಕನ್ನಡಿಗರಿಗೆ ಇನ್ನೊಂದು ತೊಡಕಿತ್ತು. 700 ಎಂಬಿಯ ಮಿತಿಯೊಳಗೆ ಕೆಲವೇ ಭಾಷೆಗಳ ಪ್ಯಾಕ್‌ಗಳಿಗೆ ಜಾಗ ಸಿಗುತ್ತಿತ್ತು. ಉಳಿದವನ್ನು ಡೌನ್‌ಲೋಡ್ ಮಾಡಿಕೊಳ್ಳಬೇಕು. ಕನ್ನಡದ ಮೆನುಗಳಿರುವ ಪ್ಯಾಕೇಜು ರೆಪಾಸಿಟರಿಯಲ್ಲಿತ್ತು. ಸಂಪರ್ಕವಿಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಲಿನಕ್ಸ್ ಸಿಡಿಯಿಂದಲೇ ಎದ್ದು ನಿಲ್ಲುತ್ತಿತ್ತು, ಕನ್ನಡ ಲಿನಕ್ಸ್ ಮಾತ್ರ ಸರ್ವರಿನ ದಾರಿ ಕಾಯಬೇಕಿತ್ತು.

ಇದಕ್ಕೆ ಆಗಿನವರು ಕಂಡುಕೊಂಡ ದಾರಿ, ಜಾಲವಿರುವ ಕಡೆಯಿಂದ ಪ್ಯಾಕೇಜು ಹೊತ್ತು ತರುವುದು. ಕೇಳಲು ಸುಲಭ, ಮಾಡಲು ಕಷ್ಟ. ಒಂದು ಪ್ಯಾಕೇಜು ಇನ್ನೊಂದನ್ನು ಬೇಡುತ್ತದೆ, ಅದು ಮತ್ತೊಂದನ್ನು; ಸೈಬರ್ ಕೆಫೆಯಲ್ಲಿ ಹತ್ತು ಫೈಲ್ ತುಂಬಿಕೊಂಡು ಮನೆಗೆ ಬಂದರೆ ಹನ್ನೊಂದನೆಯದು ಇಲ್ಲ ಎಂದು ತಿಳಿಯುತ್ತಿತ್ತು. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಡೆವಲಪರ್ ರಿತೇಶ್ ರಾಜ್ ಸರ್ರಾಫ್ ಬರೆದ ಎಪಿಟಿ-ಆಫ್‌ಲೈನ್ ಈ ಸಮಸ್ಯೆಗೇ ಹುಟ್ಟಿದ್ದು. ಮನೆಯ ಯಂತ್ರಕ್ಕೆ ಏನೇನು ಬೇಕೆಂಬ ಪಟ್ಟಿಯನ್ನು ಅದು ಒಂದು ಫೈಲಿನಲ್ಲಿ ಬರೆದುಕೊಡುತ್ತದೆ. ಪೆನ್ ಡ್ರೈವಿನಲ್ಲಿ ಅದನ್ನು ಒಯ್ದು, ಜಾಲವಿರುವ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಇಳಿಸಿಕೊಂಡು ತಂದರಾಯಿತು. ಆ ಕಂಪ್ಯೂಟರಿನಲ್ಲಿ ವಿಂಡೋಸ್ ಇದ್ದರೂ ಅಡ್ಡಿಯಿಲ್ಲ. ಭಾರತದ ಸಂಪರ್ಕದ ಸ್ಥಿತಿಯನ್ನು ಬಲ್ಲವರೇ ಇಂಥದನ್ನು ಬರೆದದ್ದು ಆಕಸ್ಮಿಕವೇನಲ್ಲ.

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಬ್ರಾಡ್‌ಬ್ಯಾಂಡ್ ಆರಂಭಿಸಿತು. ಮೊದಲ ವೇಗ 256 ಕೆಬಿಪಿಎಸ್. ಕೆಲವು ಯೋಜನೆಗಳಲ್ಲಿ ರಾತ್ರಿ 2ರಿಂದ ಬೆಳಗ್ಗೆ 8ರವರೆಗಿನ ಬಳಕೆಗೆ ಮಿತಿಯಿರಲಿಲ್ಲ. 256ರ ವೇಗದಲ್ಲಿ ಒಂದು ಸಿಡಿ ಇಳಿಯಲು ಸುಮಾರು ಆರೂವರೆ ಗಂಟೆ ಬೇಕು, ಉಚಿತವಾಗಿ ಸಿಗುವುದು ಆರೇ ಗಂಟೆ. ಒಂದು ಡಿಸ್ಕಿಗೆ ಎರಡು ರಾತ್ರಿ ಎಂಬ ಲೆಕ್ಕ ಹೀಗೆ ಹುಟ್ಟಿತು. ಅರ್ಧಕ್ಕೆ ನಿಂತ ಡೌನ್‌ಲೋಡನ್ನು ಮರುದಿನ ಅಲ್ಲಿಂದಲೇ ಮುಂದುವರಿಸುವ ಡಬ್ಲ್ಯುಗೆಟ್ ಆಜ್ಞೆ, ನಿಗದಿತ ಹೊತ್ತಿಗೆ ತಾನೇ ಕೆಲಸ ಶುರುಮಾಡುವ ಕ್ರಾನ್, ಈ ಎರಡು ಗೊತ್ತಿದ್ದವರು ನಿದ್ದೆಗೆಡಬೇಕಾಗಿರಲಿಲ್ಲ. ತಾಮ್ರದ ತಂತಿಯ ಗುಣದೋಷಗಳು ಮಾತ್ರ ಹಾಗೇ ಉಳಿದವು. ಫೋನ್ ತಂತಿಯ ಮೇಲೆ ಓಡುವ ಎಡಿಎಸ್‌ಎಲ್ ಬ್ರಾಡ್‌ಬ್ಯಾಂಡಿನ ವೇಗ ಎಕ್ಸ್‌ಚೇಂಜಿನಿಂದ ದೂರ ಹೋದಂತೆ ಕುಗ್ಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತಂತಿಯ ಜೋಡಣೆಗಳಿಗೆ ನೀರು ಇಳಿದರೆ ಸಂಪರ್ಕ ಪದೇಪದೇ ಕಡಿಯುತ್ತದೆ.

2007ರ ಜನವರಿ 1ರಿಂದ ಬಿಎಸ್‌ಎನ್‌ಎಲ್ ವೇಗವನ್ನು 2 ಎಂಬಿಪಿಎಸ್‌ವರೆಗೆ ಏರಿಸಿತು. ಲೆಕ್ಕದ ಪ್ರಕಾರ ಒಂದು ಸಿಡಿಗೆ 50 ನಿಮಿಷ. ಆದರೆ ಡೆಬಿಯನ್, ಉಬುಂಟುಗಳಲ್ಲಿ ಪ್ಯಾಕೇಜು ತರಿಸುವ ಎಪಿಟಿ ಸಾಧನದ ಪರದೆಯ ಮೇಲೆ ಅಂಕಿ ಸೆಕೆಂಡಿಗೆ 20, 30 ಕೆಬಿಯ ಸುತ್ತ ಕುಂಟುವುದು ಸಾಮಾನ್ಯವಾಗಿತ್ತು. ಮನೆಯ ತಂತಿ ಅಗಲವಾದ ಮೇಲೆಯೇ ಸರ್ವರಿನ ನಿಧಾನ ಮೊದಲ ಬಾರಿ ಬರಿಗಣ್ಣಿಗೆ ಕಂಡದ್ದು. ‘ಮಿರರ್ ಬದಲಿಸಿ ನೋಡು’ ಎಂಬ ಸಲಹೆಗೆ ಬೆಲೆ ಬಂದದ್ದೂ ಆಗಲೇ.

ಉಬುಂಟುವಿನಲ್ಲಿ ಭಾರತದ ಹೆಸರಿನ ಸರ್ವರ್ ವಿಳಾಸವೊಂದು ತಾನಾಗಿ ಆಯ್ಕೆಯಾಗಿರುತ್ತಿತ್ತು. ಹೆಸರಿನಲ್ಲಿ ದೇಶವಿದೆಯೆಂದ ಮಾತ್ರಕ್ಕೆ ಯಂತ್ರ ಆ ದೇಶದಲ್ಲಿರಬೇಕೆಂದಿಲ್ಲ. ಅಧಿಕೃತ ಮಿರರ್ ಇಲ್ಲದ ದೇಶಗಳ ಹೆಸರು ಉಬುಂಟುವಿನ ಮೂಲ ಸರ್ವರಿಗೇ ಒಯ್ಯುತ್ತಿತ್ತು. ದೂರದ ಸರ್ವರಿನಿಂದ ವೇಗ ಕುಗ್ಗುವುದಕ್ಕೆ ಗಣಿತವೂ ಇದೆ. ‘ತಲುಪಿತು’ ಎಂಬ ಒಪ್ಪಿಗೆ ಬರುವ ಮೊದಲು 64 ಕೆಬಿ ಮಾತ್ರ ಕಳಿಸುವ ಸರ್ವರಿಗೆ ಸಂದೇಶ ಹೋಗಿ ಬರಲು 300 ಮಿಲಿಸೆಕೆಂಡು ಹಿಡಿದರೆ, ದಾರಿ ಎಷ್ಟೇ ಅಗಲವಿದ್ದರೂ ಸೆಕೆಂಡಿಗೆ 213 ಕೆಬಿ ದಾಟುವುದಿಲ್ಲ. ದಾರಿಯಲ್ಲಿ ತುಣುಕುಗಳು ಕಳೆದುಹೋದರೆ ಅದೂ ಇಲ್ಲ. 2008ರ ಜನವರಿ 30ರಂದು ಅಲೆಕ್ಸಾಂಡ್ರಿಯಾ ಬಳಿ ಸಮುದ್ರದಡಿಯ ಎರಡು ಕೇಬಲ್‌ಗಳು ತುಂಡಾದಾಗ ಯುರೋಪಿನ ಮಿರರ್ ನಂಬಿದವರಿಗೆ ಅದರ ಬಿಸಿ ನೇರವಾಗಿ ತಟ್ಟಿತು.

ಹಾಗಾದರೆ ಚೆನ್ನೈನ ಐಐಟಿ ಮದ್ರಾಸ್ ಅಥವಾ ಐಐಟಿ ಕಾನ್ಪುರದ ಮಿರರ್ ಆರಿಸಿದರೆ ಸಾಕಿತ್ತೇ? ಯಾವಾಗಲೂ ಅಲ್ಲ. ಬಿಎಸ್‌ಎನ್‌ಎಲ್ ಗ್ರಾಹಕನ ಕೋರಿಕೆ ಶೈಕ್ಷಣಿಕ ಜಾಲದೊಳಗಿನ ಯಂತ್ರವನ್ನು ತಲುಪಲು ಎರಡೂ ಜಾಲಗಳು ಎಲ್ಲಾದರೂ ಸಂಧಿಸಬೇಕು. 2003ರಲ್ಲಿ ರಾಷ್ಟ್ರೀಯ ಇಂಟರ್‌ನೆಟ್ ವಿನಿಮಯ ಕೇಂದ್ರ, ಅಂದರೆ ನಿಕ್ಸಿ, ಸ್ಥಾಪನೆಯಾಗುವ ಮೊದಲು ದೇಶದೊಳಗಿನ ಎರಡು ಕಂಪನಿಗಳ ನಡುವಿನ ಸಂಚಾರವೂ ವಿದೇಶ ಸುತ್ತಿ ಬರುವುದಿತ್ತು. ನಕ್ಷೆಯಲ್ಲಿ ಹತ್ತಿರವಿರುವ ಮಿರರ್ ಜಾಲದಲ್ಲಿ ಹತ್ತಿರವಿರಬೇಕಾಗಿಲ್ಲ ಎಂಬುದನ್ನು ಸಣ್ಣ ಊರಿನ ಬಳಕೆದಾರರು ಓದಿ ತಿಳಿದದ್ದಕ್ಕಿಂತ ಅನುಭವದಿಂದ ಅರಿತದ್ದೇ ಹೆಚ್ಚು.

ಆದ್ದರಿಂದ ಅಳತೆಯ ಸಾಧನಗಳು ಬಂದವು. ಡೆಬಿಯನ್‌ನ ನೆಟ್‌ಸೆಲೆಕ್ಟ್ ಪ್ರತಿ ಮಿರರಿಗೂ ಪುಟ್ಟ ಸಂದೇಶ ಕಳಿಸಿ, ಉತ್ತರ ಬರುವ ಹೊತ್ತನ್ನೂ ನಡುವಿನ ನಿಲ್ದಾಣಗಳನ್ನೂ ಎಣಿಸುತ್ತದೆ. ಉಬುಂಟು ತನ್ನ ಸೆಟ್ಟಿಂಗ್ಸ್‌ನಲ್ಲಿ ‘ಉತ್ತಮ ಸರ್ವರ್ ಆಯ್ಕೆ’ಯ ಗುಂಡಿ ಇಟ್ಟಿತು. ಎಪಿಟಿ ಬದಲು ಯಮ್ ಬಳಸುವ ವಿತರಣೆಗಳಿಗೆ ಫಾಸ್ಟೆಸ್ಟ್‌ಮಿರರ್ ಎಂಬ ಪ್ಲಗಿನ್ ಬಂತು. ಅದು ಸಂಪರ್ಕ ಕೂಡಲು ಹಿಡಿಯುವ ಸಮಯವನ್ನಷ್ಟೇ ನೋಡುತ್ತದೆ. ಬೇಗ ಬಾಗಿಲು ತೆರೆಯುವ ಅಂಗಡಿ ಬೇಗ ಸಾಮಾನು ಕಟ್ಟಿಕೊಡುತ್ತದೆಂಬ ಖಾತ್ರಿಯಿಲ್ಲ. ಆರ್ಚ್ ಲಿನಕ್ಸ್‌ನ ರ್‍ಯಾಂಕ್‌ಮಿರರ್ಸ್ ಮಿರರಿನಿಂದ ನಿಜವಾಗಿಯೂ ಒಂದು ಫೈಲ್ ಇಳಿಸಿ ನೋಡುವುದರಿಂದ ಅದರ ತೀರ್ಪು ಹೆಚ್ಚು ನಂಬಲರ್ಹ.

ವೇಗದ ಮಿರರ್ ಸಿಕ್ಕರೂ ಅದು ಹಳಸಿರಬಹುದು. ಮೂಲ ಭಂಡಾರದೊಂದಿಗೆ ತಾಳೆಯಾಗುವ ಹೊತ್ತಿನಲ್ಲಿ ಪಟ್ಟಿ ಹೊಸದು, ಫೈಲ್ ಹಳೆಯದು ಎಂಬಂತಾದರೆ ‘ಹ್ಯಾಶ್ ಸಮ್ ಮಿಸ್‌ಮ್ಯಾಚ್’ ಎಂಬ ದೋಷ ಎದುರಾಗುತ್ತದೆ. ಇದು ಕೆಲವೊಮ್ಮೆ ನಡುವೆ ನಿಂತು ಫೈಲ್ ತಲುಪಿಸುವ ಪ್ರಾಕ್ಸಿ ಸರ್ವರಿನ ಹಳೆಯ ಪ್ರತಿಯಿಂದಲೂ ಬರುತ್ತಿತ್ತು. ಈ ದೋಷ ಕಂಡಾಗ ಮಿರರ್ ಕೈಬಿಡುವುದಕ್ಕಿಂತ ಕೆಲವು ಗಂಟೆ ಕಾಯುವುದೇ ಮೇಲು. ಪ್ಯಾಕೇಜುಗಳ ಪಟ್ಟಿಗೆ ಡಿಜಿಟಲ್ ಸಹಿ ಇರುವುದರಿಂದ, ಅಪರಿಚಿತ ಮಿರರಿನಿಂದ ಪಡೆದ ಫೈಲನ್ನೂ ಕಂಪ್ಯೂಟರ್ ಪರೀಕ್ಷಿಸಿಯೇ ಒಪ್ಪುತ್ತದೆ. ಮಿರರ್ ಯಾರದಾದರೂ ಆಗಬಹುದು ಎಂಬ ಸ್ವಾತಂತ್ರ್ಯ ನಿಂತಿರುವುದು ಈ ಸಹಿಯ ಮೇಲೆ.

ಕಾಲೇಜುಗಳ ಲ್ಯಾಬಿನಲ್ಲಿ ಸಮಸ್ಯೆಯ ಸ್ವರೂಪ ಬೇರೆ. 60 ಯಂತ್ರಗಳಿಗೆ ತಲಾ 200 ಎಂಬಿ ಪರಿಷ್ಕರಣೆ ಎಂದರೆ 12 ಜಿಬಿ. ಎಲ್ಲವೂ ಒಂದೇ ಫೈಲುಗಳ ಪುನರಾವರ್ತನೆ. ಎಪಿಟಿ-ಕ್ಯಾಷರ್-ಎನ್‌ಜಿಯಂಥ ತಂತ್ರಾಂಶ ಹಾಕಿದ ಒಂದು ಯಂತ್ರ ಫೈಲನ್ನು ಒಮ್ಮೆ ಹೊರಗಿನಿಂದ ತರಿಸಿ, ಉಳಿದವಕ್ಕೆ ಒಳಜಾಲದಲ್ಲೇ ಹಂಚುತ್ತದೆ. ಕ್ಯಾಂಪಸ್ ಪ್ರಾಕ್ಸಿಯನ್ನು ಎಪಿಟಿಗೆ ತಿಳಿಸಲು ಮರೆತು ಸರ್ವರನ್ನು ದೂರುವುದೂ ಸಾಮಾನ್ಯವಾಗಿತ್ತು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಸಿನಾಪ್ಟಿಕ್ ಎಂಬ ಪ್ಯಾಕೇಜು ಸಾಧನದ ಕುರಿತ ಪಾಠದಲ್ಲಿ ಪ್ರಾಕ್ಸಿಯ ವಿಷಯಕ್ಕೂ ಜಾಗ ಕೊಟ್ಟಿತು. ಶಿಕ್ಷಣ ಇಲಾಖೆಯ ಡಿಎಸ್‌ಇಆರ್‌ಟಿ ಮತ್ತು ‘ಐಟಿ ಫಾರ್ ಚೇಂಜ್’ ಸಂಸ್ಥೆ ಸೇರಿ ಕರ್ನಾಟಕದ ಶಾಲಾ ಶಿಕ್ಷಕರಿಗೆ ತರಬೇತಿ ಕೊಟ್ಟಾಗ, ಬೇಕಾದ ಶೈಕ್ಷಣಿಕ ತಂತ್ರಾಂಶಗಳನ್ನು ಮೊದಲೇ ತುಂಬಿದ ಉಬುಂಟು ಬಳಸಲಾಯಿತು. ಶಾಲೆಯಲ್ಲಿ ಕೂತು ಡೌನ್‌ಲೋಡ್ ಮಾಡಬೇಕಾದ ಸಂದರ್ಭವೇ ಬಾರದಂತೆ ಮಾಡಿದ ಏರ್ಪಾಡು ಅದು.

2016ರಲ್ಲಿ ಎರಡು ಬದಲಾವಣೆಗಳಾದವು. ಡೆಬಿಯನ್ ತನ್ನ ಭಂಡಾರವನ್ನು ಹಲವು ನಗರಗಳಲ್ಲಿ ಪ್ರತಿ ಇಡುವ ಸಿಡಿಎನ್ ಜಾಲದ ಮೂಲಕವೂ ಹಂಚತೊಡಗಿತು. ಇಲ್ಲಿ ಮಿರರ್ ಆರಿಸುವ ಕೆಲಸ ಬಳಕೆದಾರನದಲ್ಲ, ಒಂದೇ ವಿಳಾಸ ಕೊಟ್ಟರೆ ಹತ್ತಿರದ ನಗರದ ಯಂತ್ರ ಉತ್ತರಿಸುತ್ತದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಯೋ 4ಜಿ ಸೇವೆ ಆರಂಭವಾಗಿ ಡೇಟಾದ ಬೆಲೆ ಕುಸಿಯಿತು. ಮೊಬೈಲಿನ ಹಾಟ್‌ಸ್ಪಾಟ್‌ನಿಂದ ಇಡೀ ಡಿಸ್ಕಿನ ಐಎಸ್‌ಒ ಫೈಲ್ ಇಳಿಸುವುದು ಸಾಧ್ಯವಾಯಿತು. 2017ರ ನವೆಂಬರ್ 1ರಂದು ಡೆಬಿಯನ್ ತನ್ನ ಸಾರ್ವಜನಿಕ ಎಫ್‌ಟಿಪಿ ಸೇವೆಯನ್ನೇ ನಿಲ್ಲಿಸಿತು.

ನಿಧಾನ ಪೂರ್ತಿ ಹೋಗಿಲ್ಲ. ಹತ್ತಿರದ ಯಂತ್ರ ಯಾವುದೆಂದು ಸಿಡಿಎನ್ ಊಹಿಸುವುದರಲ್ಲಿ ತಾಣದ ಹೆಸರಿಗೆ ಜಾಲ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನ ಪಾತ್ರವಿದೆ. ದೂರದ ಡಿಎನ್‌ಎಸ್ ಬಳಸಿದರೆ ಶಿವಮೊಗ್ಗದ ಕೋರಿಕೆಗೆ ಬೆಂಗಳೂರು ಅಥವಾ ಮುಂಬೈ ಬದಲು ಹೊರದೇಶದ ಯಂತ್ರ ಉತ್ತರಿಸಬಹುದು. ಇನ್ನು ಉಬುಂಟುವಿನ ಸ್ನ್ಯಾಪ್ ಎಂಬ ಹೊಸ ಬಗೆಯ ಪ್ಯಾಕೇಜುಗಳಿಗೆ ಮಿರರ್ ಆಯ್ಕೆಯೇ ಇಲ್ಲ. ಅವು ಕೆನಾನಿಕಲ್ ಕಂಪನಿಯ ಒಂದೇ ಅಂಗಡಿಯಿಂದ ಬರುತ್ತವೆ. 2022ರ ಏಪ್ರಿಲ್‌ನ ಉಬುಂಟು 22.04ರಲ್ಲಿ ಫೈರ್‌ಫಾಕ್ಸ್ ಕೂಡ ಸ್ನ್ಯಾಪ್ ರೂಪದಲ್ಲೇ ಬಂದಿದ್ದರಿಂದ, ಸರ್ವರ್ ಪಟ್ಟಿಯಲ್ಲಿ ಯಾವ ಮಿರರ್ ಬರೆದಿದ್ದರೂ ಬ್ರೌಸರಿನ ಡೌನ್‌ಲೋಡಿಗೆ ಅದರಿಂದ ವ್ಯತ್ಯಾಸವಾಗುವುದಿಲ್ಲ.