ಕಂಪ್ಯೂಟರಿನಲ್ಲಿ ಕನ್ನಡ ಉಳಿದ ಕತೆ

ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಎಲ್ರಿಗೂ ಗೊತ್ತಲ್ಲ. ಸುಮಾರು ಕ್ರಿ.ಶ. 450ರದ್ದು ಅಂತಾರೆ, 16 ಸಾಲು. ಹಳೇ ಲಿಪಿ ಬಲ್ಲವ್ರು ಅದನ್ನ ಈಗ್ಲೂ ಓದ್ತಾರೆ. ಆದ್ರೆ ಇಪ್ಪತ್ತು ವರ್ಷದ ಹಿಂದೆ ಟೈಪ್ ಮಾಡ್ಸಿಟ್ಟ ಸೋಬಾನೆ ಪದದ ಫೈಲು ಈಗ ತೆಗೆದ್ರೆ ಬರೀ ಇಂಗ್ಲಿಷ್ ಅಕ್ಷರ ಚೆಲ್ಲಾಪಿಲ್ಲಿ. ನಮ್ ಬೀದೀಲೇ ಇಬ್ಬರು ಮೂವರು ಕೇಳಿದ್ರು, ಹಿಂಗ್ಯಾಕೆ ಅಂತ. ಅದಕ್ಕೊಂದು ಚರಿತ್ರೆ ಐತೆ ಕಣ್ರಮ್ಮ.

ಮೊದಲು ಕೀಲಿಮಣೆ. ಅದ್ರಲ್ಲಿ ಇಂಗ್ಲಿಷಿನ 26 ಅಕ್ಷರ, ನಮ್ಮ ಕಾಗುಣಿತ ಒತ್ತಕ್ಷರ ಎಲ್ಲಿ ತುಂಬೋದು? ಕೆ. ಪಿ. ರಾವ್ ಅವ್ರು ಅದೇ 26 ಕೀಲೀಲೇ ಕನ್ನಡ ಕೂರಿಸಿದ್ರು. ಕೆ ಒತ್ತಿದ್ರೆ ಕ, ಶಿಫ್ಟ್ ಹಿಡ್ಕೊಂಡು ಒತ್ತಿದ್ರೆ ಖ. 1996ರಲ್ಲಿ ಯು. ಬಿ. ಪವನಜ ಅವ್ರು ವಿಶ್ವಕನ್ನಡ ಅನ್ನೋ ಅಂತರ್ಜಾಲ ಪತ್ರಿಕೆ ತಂದ್ರು. 1998ರಲ್ಲಿ ಶೇಷಾದ್ರಿವಾಸು ಅವ್ರ ಬರಹ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಸರ್ಕಾರಿ ಕಚೇರಿಗಳಿಗೆಲ್ಲ ಅದೇ.

ಇವೆಲ್ಲ ಒಳ್ಳೇ ಕೆಲ್ಸವೇ. ಆದ್ರೂ ಆಗಿನ ಫಾಂಟುಗಳಲ್ಲಿ ಒಂದು ವೇಷ ಇತ್ತು. ಕಂಪ್ಯೂಟರಿನ ಒಳಗೆ ಇಂಗ್ಲಿಷ್ ಅಕ್ಷರವೇ ಇರೋದು, ಅದರ ಮೇಲೆ ಕನ್ನಡದ ಚಿತ್ರ ಹೊದಿಸಿರೋದು. ಆ ಫಾಂಟು ಇಲ್ಲದ ಮನೆಗೆ ಫೈಲು ಹೋದ್ರೆ ಹೊದಿಕೆ ಜಾರ್ತು, ಒಳಗಿನ ಇಂಗ್ಲಿಷ್ ಕಾಣಿಸ್ತು. ನಮ್ ಪದಗಳಿಗೆ ಆಗಿರೋದೂ ಇದೇ.

ಇದಕ್ಕೆ ಪರಿಹಾರ ಯೂನಿಕೋಡ್. 1991ರಲ್ಲೇ ಅದ್ರಲ್ಲಿ ಕನ್ನಡಕ್ಕೆ 128 ಸ್ಥಾನ ಕೊಟ್ಟಿದ್ರು. ಕ ಅಂದ್ರೆ 3221. ಮಾದಿಹಳ್ಳೀಲೂ ಅದೇ, ಅಮೆರಿಕಾದಲ್ಲೂ ಅದೇ. ಫಾಂಟು ಸೀರೆ ಇದ್ದಂಗೆ, ಬದಲಾಯಿಸಬೌದು. ಅಕ್ಷರ ಮಾತ್ರ ಬದಲಾಗಲ್ಲ. 2001ರ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಅನ್ನೋ ಫಾಂಟು ಬಂದ್ಮೇಲೆ ಇದು ಮನೆಮನೆ ಕಂಪ್ಯೂಟರಿಗೂ ಬಂತು. ಯೂನಿಕೋಡೇ ಬೇಕು ಅಂತ ಪವನಜ ಅವ್ರು ವರ್ಷಾನುಗಟ್ಲೆ ಬರೆದ್ರು. ಪಕ್ಕದ ಮೂಡಿಗೆರೆಯ ತೇಜಸ್ವಿಯವ್ರೂ ತೋಟ, ಕತೆ, ಮೀನಿನ ಜೊತೆಗೆ ಕನ್ನಡ ತಂತ್ರಾಂಶಕ್ಕೂ ಬಡಿದಾಡಿದ್ರು.

2003ರಲ್ಲಿ ವರ್ಡ್‌ಪ್ರೆಸ್ ಬಂತು, 2005ರಲ್ಲಿ ಹರಿಪ್ರಸಾದ್ ನಾಡಿಗರು ದ್ರುಪಲ್ ಬಳಸಿ ಸಂಪದ ಶುರು ಮಾಡಿದ್ರು. ಯಾವುದು ಮೇಲು ಅಂತ ಬಲ್ಲವ್ರು ವಾದ ಮಾಡ್ತಾನೇ ಇರ್ತಾರೆ, ಮಾಡ್ಲಿ ಬಿಡಿ. ನಮಗೆ ಬೇಕಾದ್ದು ಒಂದೇ: ಬರೆದದ್ದು ಬೇರೆ ಮನೆಗೆ ಹೋದ್ರೂ ಓದೋಕೆ ಬರ್ಬೇಕು.

ಅದಕ್ಕೇ ಹೇಳ್ತೀನಿ, ಹಳೇ ಫೈಲು ಅಳಿಸ್ಬೇಡಿ. ನುಡಿ, ಬರಹದಿಂದ ಯೂನಿಕೋಡಿಗೆ ಬದಲಾಯಿಸೋ ತಂತ್ರಾಂಶ ಐತೆ, ಮಕ್ಕಳ ಕೈಲಿ ಮಾಡ್ಸಿ. ಹಾಡಿದ ಅಜ್ಜಿಯರಲ್ಲಿ ಅರ್ಧ ಜನ ಈಗಿಲ್ಲ, ಮತ್ತೆ ಕೇಳಿ ಬರ್ಕೊಳ್ಳೋಕಾಗಲ್ಲ. ಒಂದು ಪ್ರತಿ ಕಾಗದದ ಮೇಲೂ ಇರ್ಲಿ.