ಪಾಳು ಅಂದುಕೊಂಡ ಜೌಗು

ಹರವೆಯಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿ ಘಾಟಿ ಹತ್ತಿದರೆ ಊಟಿ. ವೀಕೆಂಡಲ್ಲಿ ನಾವು ಸೆಲ್ಫಿ ತೆಗೆಯೋ ಅಲ್ಲಿನ ಎತ್ತರದ ತೋಪುಗಳು ತಾನಾಗಿ ಬೆಳೆದ ಕಾಡಲ್ಲ. 1843ರಲ್ಲಿ ಬ್ರಿಟಿಷರು ಸೌದೆಗಾಗಿ ಆಸ್ಟ್ರೇಲಿಯಾದ ಯೂಕಲಿಪ್ಟಸ್ ತಂದು ನೆಟ್ಟರು. ನಮ್ಮ ಬಾಯಲ್ಲಿ ಮರದ ಹೆಸರೇ 'ನೀಲಗಿರಿ' ಆಯ್ತು.

ಅವರ ಕಣ್ಣಿಗೆ ಹುಲ್ಲುಗಾವಲೆಲ್ಲ ಪಾಳು. ಆದರೆ ತಗ್ಗಿನ ಜೌಗುಗಳಲ್ಲಿ ಜೇಕು, ನೆಲದ ಆರ್ಕಿಡ್, ಹುಳ ಹಿಡಿಯೋ ಡ್ರೋಸೆರಾ ಬೆಳೀತಿದ್ದವು. ಇವಕ್ಕೆ ಬಿಸಿಲೂ ಬೇಕು, ಒದ್ದೆ ನೆಲವೂ ಬೇಕು. ಮರ ನೆರಳು ಕವಿದು ನೀರೆಳೆದರೆ ಎರಡೂ ಹೋಗ್ತವೆ. ಹೋಗೋದು ಗಿಡವಷ್ಟೇ ಅಲ್ಲ. ಜೌಗು ಮಳೆನೀರು ಹಿಡಿದು ನಿಧಾನಕ್ಕೆ ಹೊಳೆಗೆ ಬಿಡುತ್ತೆ. ಬಂಡೀಪುರದ ಅಂಚಲ್ಲಿ ಹರಿಯೋ ಮೋಯಾರ್‌ಗೆ ನೀರು ಬರೋದು ಆ ಬೆಟ್ಟಗಳಿಂದಲೇ.

ಅಂತರ್ಜಲದ ಚಿಂತೆಯಿಂದ 2017ರಲ್ಲಿ ಕರ್ನಾಟಕ ಸರ್ಕಾರ ನೀಲಗಿರಿ ನೆಡೋದನ್ನು ನಿಷೇಧಿಸಿತು. ಮುಂದಿನ ಸಲ ಆಫೀಸಲ್ಲಿ 'ಗಿಡ ನೆಡೋಣ' ಅಂದರೆ ಮೊದಲು ಕೇಳಿ: ಅಲ್ಲಿ ಈಗಾಗಲೇ ಏನು ಬೆಳೀತಿದೆ?